ಬೆನ್ನಿನ ಮಸಿ

ಗುಂಡಿ ತೋಡುವ ಮುದುಕ ಪಿಕಾಸಿಯನ್ನು ಕುಲುಮೆಯ ಬಾಗಿಲಲ್ಲಿ ದೊಪ್ಪನೆ ಹಾಕಿ, ಎಂದಿನಂತೆ ಕುಕ್ಕರಗಾಲಲ್ಲಿ ಕೂರಲು ಹೋಗಿ, ಒಳಗೆ ಯಾರೂ ಇಲ್ಲವೆಂಬುದು ನೆನಪಾಗಿ ನಾಲಿಗೆ ಕಚ್ಚಿಕೊಂಡ. ಪಿಕಾಸಿಯ ಮೊನೆ ಮೊಂಡಾದರೆ ಅವನ ಕಾಲು ತಾನಾಗಿ ಈ ಬಾಗಿಲಿಗೆ ಬರುತ್ತಿತ್ತು. ಬಂದು ಕೂತು, ಕಮ್ಮಾರನ ಹತ್ತಿರ ಒಂದಿಷ್ಟು ಬೈಸಿಕೊಂಡು, ಮೊನೆ ಮಾಡಿಸಿಕೊಂಡು ಹೋಗುವುದು ವಾಡಿಕೆ. ಇವತ್ತು ಬೈಯುವವನು ಪಕ್ಕದ ಕೋಣೆಯ ಮಂಚದ ಮೇಲೆ ಬಿಳಿ ಹೊದಿಕೆಯಡಿ ಮಲಗಿದ್ದ. ಬೆಳಗಿನಿಂದ ತೋಡುತ್ತಿದ್ದದ್ದು ಅವನ ಗುಂಡಿಯನ್ನೇ.

ಕಮ್ಮಾರನ ಮಗ ಹೊರಗೆ ಬಂದ. ಬಸ್ಸು ರಿಪೇರಿಯ ಶೆಡ್ಡಿನಲ್ಲಿ ಅವನಿಗೆ ಕೆಲಸ. ಯಾವಾಗಲೂ ಎಣ್ಣೆಯ ಬಟ್ಟೆಯಲ್ಲಿರುವವನು ಇವತ್ತು ಬಿಳಿ ಶರ್ಟು ಹಾಕಿದ್ದ.

"ಏನಾಯ್ತು?"

"ಮೊಣಕಾಲುದ್ದ ಹೋದ್ವಿ. ಅಲ್ಲಿಂದ ಕೆಳಗೆ ಬರೀ ಕಲ್ಲು. ಎರಡೂ ಮೊನೆ ಮೊಂಡು. ಅಂಗಡೀಲಿ ಹೊಸದೊಂದು ತಂದ್ವಿ, ಅದು ನಾಲ್ಕೇ ಏಟಿಗೆ ಮಡಚ್ಕೊಂಡ್ತು."

"ಬೇರೆ ಜಾಗ ನೋಡಿ."

"ಎಲ್ಲಿ ನೋಡ್ಲಿ? ಆ ದಿಬ್ಬ ಪೂರ್ತಿ ಕಲ್ಲೇ. ಅಷ್ಟು ಮೇಲೆ ಮಲಗಿಸಿ ಮಣ್ಣು ಮುಚ್ಚಿದ್ರೆ ನಾಯಿಗಳು ಬಿಡ್ತಾವೇನಪ್ಪ?"

ಎದುರು ಮನೆಯ ದರ್ಜಿ ಎದ್ದು ಬಂದ. ಸತ್ತವನಿಗೆ ಅವನು ಗೆಳೆಯ, ಅವನ ಮೈಮೇಲಿನ ಶರ್ಟುಗಳನ್ನೆಲ್ಲ ಹೊಲಿದವನು. "ಈ ಬಿಸಿಲಲ್ಲಿ ನಾಳೆವರೆಗೂ ಇಟ್ಕೊಳ್ಳೋಕಾಗಲ್ಲ," ಎಂದು ದನಿ ತಗ್ಗಿಸಿ ಹೇಳಿದ. "ಸುತ್ತಮುತ್ತ ಇನ್ನೊಬ್ಬ ಕಮ್ಮಾರ ಅಂತ ಎಲ್ಲಿದ್ದಾನೆ? ಎಲ್ರೂ ಮುಚ್ಕೊಂಡು ಹೋದ್ರು."

ಎಲ್ಲರೂ ಮಗನ ಮುಖ ನೋಡಿದರು. ಅವನ ಮುಖ ಗಂಟಿಕ್ಕಿತು.

"ನನ್ನನ್ಯಾಕೆ ನೋಡ್ತೀರಾ? ಕಬ್ಬಿಣ ಬಡಿಯೋದು ಗೊತ್ತು. ಹದ ಹಾಕೋದು ಗೊತ್ತಿಲ್ಲ. ಕಲಿಸಿದ್ರೆ ತಾನೆ ಬರೋದು?"

ಅಪ್ಪನ ಹೆಣದ ಎದುರು ಆಡುವ ಮಾತಲ್ಲ ಅದು. ಆದರೆ ಎಷ್ಟೋ ವರ್ಷದಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತು, ತಡೆಯಲಾಗಲಿಲ್ಲ.

*

ಮೀಸೆ ಚಿಗುರುವಾಗಲೇ ಅವನು ಅಪ್ಪನ ಎದುರು ನಿಂತು ದೊಡ್ಡ ಸುತ್ತಿಗೆ ಬೀಸುತ್ತಿದ್ದ. ಅಪ್ಪ ಇಕ್ಕಳದಲ್ಲಿ ಕೆಂಡದಂಥ ಕಬ್ಬಿಣ ಹಿಡಿದು ಸಣ್ಣ ಸುತ್ತಿಗೆಯಿಂದ ಎಲ್ಲಿ ಮುಟ್ಟಿದರೆ ಅಲ್ಲಿ ಇವನ ಏಟು. ಇಬ್ಬರ ನಡುವೆ ಮಾತೇ ಬೇಕಾಗುತ್ತಿರಲಿಲ್ಲ. ಇನ್ನೇನು ಹದ ಹಾಕುವುದನ್ನು ಹೇಳಿಕೊಡುತ್ತಾನೆ ಎಂದು ಕಾಯುತ್ತಿರುವಾಗ, ಒಂದು ಬೆಳಿಗ್ಗೆ ಅಪ್ಪ ಇದ್ದಲು ಕೆದಕುತ್ತಾ, ಇವನ ಕಡೆ ತಿರುಗದೆ ಹೇಳಿದ್ದ.

"ಬಸ್ ಶೆಡ್ಡಲ್ಲಿ ಮಾತಾಡಿದೀನಿ. ನಾಳೆಯಿಂದ ಅಲ್ಲಿಗೆ ಹೋಗು."

"ಯಾಕಪ್ಪಾ? ನಾನೇನು ತಪ್ಪು ಮಾಡ್ದೆ?"

"ತಪ್ಪೇನಿಲ್ಲ. ಇಲ್ಲಿ ಬೇಡ ಅಷ್ಟೆ."

"ಏಟು ಹಾಕೋರು ಯಾರು ಮತ್ತೆ?"

"ನಿಮ್ಮಮ್ಮ ಇದಾಳೆ."

ಬೆಳೆದ ಮಗನ ಕೈಯಿಂದ ಸುತ್ತಿಗೆ ಕಿತ್ತುಕೊಂಡು ಹೆಂಡತಿಯ ಕೈಗೆ ಕೊಟ್ಟರೆ ಬೀದಿ ಸುಮ್ಮನಿರುತ್ತದೆಯೇ? ಶೆಡ್ಡಿನಲ್ಲಿ ಕೆಲವರು ಮುಖದ ಮೇಲೆಯೇ ನಕ್ಕರು. ಅದನ್ನಾದರೂ ನುಂಗಿಕೊಳ್ಳಬಹುದಿತ್ತು. ಆಮೇಲೆ ಅವನು ಎಂದಾದರೂ ಕುಲುಮೆಯ ಹೊಸ್ತಿಲಲ್ಲಿ ನಿಂತರೆ, ಅಪ್ಪ ಕೈಯಲ್ಲಿದ್ದ ಕೆಲಸವನ್ನು ಮತ್ತೆ ಬೆಂಕಿಗೆ ತುರುಕಿ, ಇವನು ಹೋಗುವವರೆಗೂ ಸುಮ್ಮನೆ ನಿಲ್ಲುತ್ತಿದ್ದ. ಕಳ್ಳನ ಎದುರು ಪೆಟ್ಟಿಗೆ ಮುಚ್ಚಿದ ಹಾಗೆ. ಅದು ಮಾತ್ರ ಇವನ ಹೊಟ್ಟೆಯೊಳಗೆ ಹಾಗೇ ಉಳಿಯಿತು.

*

ಮಂಚದ ಪಕ್ಕ ಕೂತಿದ್ದ ಮುದುಕಿ ಎಲ್ಲವನ್ನೂ ಕೇಳಿಸಿಕೊಂಡಳು. ಮೊಣಕಾಲಿಗೆ ಕೈಯೂರಿ ಎದ್ದು, ಗಂಡನ ಹೊದಿಕೆಯ ಅಂಚನ್ನು ಸರಿಮಾಡಿ, ಕುಲುಮೆಯ ಕಡೆ ನಡೆದಳು.

"ಅತ್ತೆ, ಎಲ್ಲಿಗೆ?" ಸೊಸೆ ಹಿಂದೆಯೇ ಬಂದಳು. "ಇವತ್ತೊಂದಿನ ಅದರ ಸಹವಾಸ ಬೇಡ. ಬನ್ನಿ, ಕೂತ್ಕೊಳ್ಳಿ."

"ಕೂತ್ಕೊಂಡ್ರೆ ಅವರನ್ನ ಮಲಗ್ಸೋದು ಹೇಗಮ್ಮ?"

ಹೊಸ್ತಿಲವರೆಗೆ ಹೋದವಳು ಅಲ್ಲೇ ನಿಂತುಬಿಟ್ಟಳು. ಗೋಡೆಯ ಮೊಳೆಗೆ ಗಂಡನ ಕೆಲಸದ ಶರ್ಟು ತೂಗುತ್ತಿತ್ತು. ಅದರ ಬೆನ್ನಿನ ನಡುವೆ ಒಂದು ಕಪ್ಪು ಕಲೆ, ಎಷ್ಟು ಒಗೆದರೂ ಹೋಗದ್ದು. ಅದನ್ನು ಕಂಡಾಗಲೆಲ್ಲ ದರ್ಜಿ ಬಿಡುತ್ತಿರಲಿಲ್ಲ. "ನಾನು ಹೊಲಿದು ಕೊಡ್ತೀನಿ, ನಿನ್ನ ಹೆಂಡ್ತಿ ಮೊಹರು ಒತ್ತಾಳೆ. ಯಾರಾದ್ರೂ ಹೊತ್ಕೊಂಡು ಹೋಗ್ತಾರೆ ಅಂತ ಭಯವೇನೋ!" ಕಮ್ಮಾರ ಬೈಯುತ್ತಿದ್ದ, ಅವಳು ಸೆರಗು ಬಾಯಿಗೆ ಒತ್ತಿ ನಗುತ್ತಿದ್ದಳು. ಈ ವಯಸ್ಸಿನಲ್ಲೂ ಗಂಡನ ಬೆನ್ನು ಸವರುವವಳು ಎಂಬ ಹೆಸರು ಬಂದಿತ್ತು. ಬರಲಿ ಎಂದು ಬಿಟ್ಟಿದ್ದಳು.

*

ಮಗ ಶೆಡ್ಡಿಗೆ ಸೇರುವ ಕೆಲವು ದಿನ ಮುಂಚೆ, ಕಮ್ಮಾರ ಹದ ಹಾಕಿದ ಎರಡು ಉಳಿಗಳು ಒಂದರ ಹಿಂದೊಂದು ಮುರಿದು ವಾಪಸು ಬಂದಿದ್ದವು. ಅಂಥದ್ದು ಅವನ ಕೈಯಲ್ಲಿ ಎಂದೂ ಆಗಿರಲಿಲ್ಲ. ಬಂದವರನ್ನು ಸಮಾಧಾನ ಮಾಡಿ ಕಳಿಸಿ, ಕಬ್ಬಿಣ ಬಡಿಯುವ ಅಡಿಗಲ್ಲಿನ ಮೇಲೆ ಕೂತುಬಿಟ್ಟ.

"ಬಣ್ಣ ಕಾಣ್ತಿಲ್ಲ ಕಣೇ."

"ಯಾವ ಬಣ್ಣ?"

"ಯಾವುದೂ. ಆಕಾರ ಕಾಣುತ್ತೆ, ಬೆಳಕು ಕಾಣುತ್ತೆ. ಬಣ್ಣ ಹೋಗ್ಬಿಟ್ಟಿದೆ. ಬೆಂಕಿ ತಿಂದ್ಹಾಕಿದೆ, ಇನ್ನು ಬರಲ್ಲ ಅಂದ್ರು ಡಾಕ್ಟ್ರು."

ಕಮ್ಮಾರನಿಗೆ ಬಣ್ಣ ಹೋದರೆ ಎಲ್ಲ ಹೋದಂತೆ. ಕಾಯಿಸಿದ ಮೊನೆಯ ತುದಿಯನ್ನಷ್ಟೇ ನೀರಿಗೆ ತಾಗಿಸಿ ಎತ್ತಿ, ಕಲ್ಲಿನಿಂದ ಉಜ್ಜಿ ಬೆಳ್ಳಗೆ ಮಾಡಿದರೆ, ಹಿಂದಿನ ಬಿಸಿ ಮೆಲ್ಲಗೆ ತುದಿಗೆ ಹರಿದು ಬರುತ್ತದೆ. ಜೊತೆಗೆ ಬಣ್ಣವೂ ಬರುತ್ತದೆ: ಮೊದಲು ಒಣಹುಲ್ಲಿನದು, ಆಮೇಲೆ ಕಂದು, ಆಮೇಲೆ ನೇರಳೆ. ಕಂದು ನೇರಳೆಗೆ ತಿರುಗುವಾಗ ಪೂರ್ತಿ ಮುಳುಗಿಸಬೇಕು. ಮುಂಚೆಯಾದರೆ ಮೊನೆ ಮುರಿಯುತ್ತದೆ, ತಡವಾದರೆ ಮಡಚಿಕೊಳ್ಳುತ್ತದೆ.

"ಮಗನಿಗೆ ಹೇಳೋಣ ರೀ. ಅವನು ನೋಡ್ಲಿ."

"ಬೇಡ. ಹೇಳಿದ್ರೆ ಅವನು ಇಲ್ಲೇ ನಿಂತ್ಬಿಡ್ತಾನೆ. ಆಮೇಲೆ ಅವನ ಕಣ್ಣೂ ಇದೇ ಬೆಂಕಿಗೆ." ಅವಳ ಕೈ ಹಿಡಿದುಕೊಂಡ. "ಊರಿಗೂ ಬೇಡ. ಕಣ್ಣಿಲ್ಲದ ಕಮ್ಮಾರನ ಹತ್ರ ಯಾರು ಬರ್ತಾರೆ? ನೀನು ನೋಡು. ಬಾಯಿಬಿಟ್ಟು ಹೇಳ್ಬೇಡ, ಬಾಗಿಲಲ್ಲಿ ಜನ ಇರ್ತಾರೆ. ಹೊತ್ತು ಬಂದಾಗ ಬೆನ್ನು ಮುಟ್ಟು."

ಅಂದಿನಿಂದ ಅವಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಅವನ ಹಿಂದೆ ನಿಂತಳು. ತಿದಿ ಒತ್ತಿ ಕರಿಯಾದ ಅಂಗೈ ಅವನ ಬೆನ್ನಿನ ಮೇಲೆ ಬಿದ್ದ ಕೂಡಲೇ ಕಬ್ಬಿಣ ನೀರಿಗೆ ಹೋಗುತ್ತಿತ್ತು. ಆಮೇಲೆ ಒಂದು ಮೊನೆಯೂ ಮುರಿದು ಬರಲಿಲ್ಲ.

*

ಹೊಸ್ತಿಲಲ್ಲಿ ನಿಂತವಳು ಕೊಟ್ಟ ಮಾತನ್ನೂ, ದಿಬ್ಬದ ಮೇಲಿನ ಅರೆಬರೆ ಗುಂಡಿಯನ್ನೂ ಯೋಚಿಸಿದಳು. ಆಮೇಲೆ ಒಳಗೆ ಹೋಗಿ ತಿದಿಯ ಪಕ್ಕ ಕೂತಳು.

"ಇದ್ದಲು ಹಾಕು," ಎಂದಳು ಮಗನಿಗೆ.

"ಅಮ್ಮಾ, ನಂಗೆ ಹದ..."

"ಹಾಕು ಅಂದ್ನಲ್ಲ. ಮೊನೆ ಬಡಿ. ಮುಂದಿನದು ಆಮೇಲೆ."

ಬೆಂಕಿ ಹತ್ತಿತು. ತಿದಿಯ ಉಸಿರು ಕೇಳಿ, ಹೊರಗೆ ಕೂತಿದ್ದವರು ಬಾಗಿಲಿಗೆ ಬಂದು ಮುತ್ತಿದರು. ಮಗ ಅಪ್ಪನ ಇಕ್ಕಳ ಹಿಡಿದ. ಕೈ ಮರೆತಿರಲಿಲ್ಲ. ಮೊಂಡು ಮೊನೆ ಕೆಂಪಾಗಿ ಹೊರಬಂತು, ಏಟಿನ ಮೇಲೆ ಏಟು ಬಿದ್ದು ಚೂಪಾಯಿತು. ಪಕ್ಕದ ಕೋಣೆಯಲ್ಲಿ ಅಳುತ್ತಿದ್ದ ಹೆಂಗಸರು ಆ ಸದ್ದಿಗೆ ಒಂದು ಕ್ಷಣ ಸುಮ್ಮನಾದರು. ಸತ್ತವನು ಎದ್ದು ಕೆಲಸಕ್ಕೆ ಹೋದನೇನೋ ಎನ್ನಿಸಿರಬೇಕು.

ಮಗ ಮತ್ತೆ ಕಾಯಿಸಿ, ತುದಿಯನ್ನು ನೀರಿಗೆ ತಾಗಿಸಿ ಎತ್ತಿ, ಕಲ್ಲಿನಿಂದ ಉಜ್ಜಿದ. ಇಷ್ಟನ್ನು ಚಿಕ್ಕಂದಿನಲ್ಲಿ ನೋಡಿದ್ದ. ಇಲ್ಲಿಂದ ಮುಂದೆ ಅವನಿಗೆ ಗೊತ್ತಿರಲಿಲ್ಲ. ಬಣ್ಣಗಳು ತೆವಳತೊಡಗಿದವು. ಇದೋ ಅದೋ ತಿಳಿಯದೆ ಅವನು ಮೊನೆಯನ್ನು ಬೆಳಕಿಗೆ ತಿರುಗಿಸಿ ಹಿಡಿದ.

ಆಗ ಅವನ ಬೆನ್ನಿನ ಮೇಲೆ ಒಂದು ಅಂಗೈ ಬಿತ್ತು.

ಅಮ್ಮ ಸಮಾಧಾನ ಮಾಡುತ್ತಿದ್ದಾಳೆ ಎಂದುಕೊಂಡು ತಿರುಗಿ ನೋಡಿದ. ಅವಳು ಅವನನ್ನು ನೋಡುತ್ತಿರಲಿಲ್ಲ. ಅವಳ ಕಣ್ಣು ಮೊನೆಯ ಮೇಲಿತ್ತು. ಅವನ ದೃಷ್ಟಿ ಮೊಳೆಯ ಮೇಲಿನ ಶರ್ಟಿಗೆ, ಅದರ ಬೆನ್ನಿನ ಕಲೆಗೆ ಹೋಯಿತು.

"ಅಪ್ಪನಿಗೂ..."

"ಮೊದ್ಲು ನೀರಿಗೆ ಹಾಕು," ಎಂದಳು ಮೆಲ್ಲಗೆ.

ಹಾಕಿದ. ಚೊಯ್ ಎಂದು ನೀರು ಕುದಿದು ಹಬೆ ಎದ್ದಿತು. ಬಾಗಿಲಲ್ಲಿದ್ದವರಿಗೆ ಇಬ್ಬರೂ ಮಸುಕಾದರು.

"ಯಾವಾಗಿಂದಮ್ಮ?"

"ನಿನ್ನನ್ನ ಶೆಡ್ಡಿಗೆ ಕಳಿಸಿದಾಗಿಂದ."

"ನಂಗೊಂದು ಮಾತು ಹೇಳ್ಬಾರ್ದಿತ್ತಾ?"

"ನಿನ್ನ ಕಣ್ಣು ಉಳೀಲಿ ಅಂದ್ರು."

ಹೊಸ್ತಿಲಲ್ಲಿ ತಾನು ನಿಂತಾಗಲೆಲ್ಲ ಅಪ್ಪ ಕಬ್ಬಿಣವನ್ನು ಬೆಂಕಿಗೆ ತುರುಕುತ್ತಿದ್ದದ್ದು ಅವನ ಕಣ್ಣ ಮುಂದೆ ಬಂತು. ಇಷ್ಟು ಕಾಲ ಆ ಮನುಷ್ಯನ ಜೊತೆ ನೆಟ್ಟಗೆ ಮಾತಾಡದೆ ಕಳೆದದ್ದೆಲ್ಲ ಒಟ್ಟಿಗೆ ಬಂತು. ಅವನು ತೊಟ್ಟಿಯ ಮೇಲೆ ಬಗ್ಗಿ, ಹಬೆಯಲ್ಲಿ ಮುಖ ಮುಚ್ಚಿಕೊಂಡು ಅತ್ತ.

ಹೊರಗೆ ಗುಂಡಿ ತೋಡುವವನು ಪಿಕಾಸಿಯನ್ನು ಬಾಗಿಲ ಕಲ್ಲಿಗೆ ಬಡಿದು ನೋಡಿದ. ಕಲ್ಲಿನ ಚೂರು ಹಾರಿತು.

"ಅಪ್ಪನ ಕೈಯೇ ಬಂದಿದೆ ಕಣಪ್ಪ ನಿಂಗೆ," ಎಂದ ದರ್ಜಿ. ಮಗ ಅಮ್ಮನ ಕಡೆ ಒಮ್ಮೆ ನೋಡಿ, ಪಿಕಾಸಿಯನ್ನು ಮರಳಿ ಕೈಗೆ ತೆಗೆದುಕೊಂಡ. ಇನ್ನೊಂದು ಮೊನೆಯನ್ನೂ ಹಾಗೆಯೇ ಮಾಡಿದರು.

ಬಿಸಿಲು ಇಳಿಯುವ ಹೊತ್ತಿಗೆ ಗುಂಡಿ ಆಯಿತೆಂದು ಸುದ್ದಿ ಬಂತು. ಸೊಸೆ ಚೊಂಬಿನಲ್ಲಿ ನೀರು ತಂದಳು.

"ಅತ್ತೆ, ಕೈ ತೊಳ್ಕೊಳ್ಳಿ. ರೀ, ನೀವೂ ಶರ್ಟ್ ಬದಲಾಯಿಸಿ, ಬೆನ್ನೆಲ್ಲ ಮಸಿ."

"ಇರ್ಲಿ ಬಿಡು," ಎಂದ ಮಗ.

"ಆಮೇಲೆ ತೊಳ್ಕೋತೀನಿ," ಎಂದಳು ಅತ್ತೆ.

ಕಮ್ಮಾರನಿಗೆ ದರ್ಜಿ ರಾತ್ರಿಯೇ ಕೂತು ಹೊಲಿದ ಹೊಸ ಬಿಳಿ ಶರ್ಟು ಹಾಕಿದ್ದರು. ಹೊರುವವರು ಮಂಚದ ಸುತ್ತ ನಿಂತಾಗ ಮುದುಕಿ ಹತ್ತಿರ ಬಂದಳು.

"ಒಂಚೂರು ಎತ್ತಿ ಹಿಡ್ಕೊಳ್ಳಿ. ಬೆನ್ನ ಕೆಳಗೆ ಬಟ್ಟೆ ಮುದುರಿದೆ."

ಮಗ ಅಪ್ಪನ ಹೆಗಲಿಗೆ ಕೈಕೊಟ್ಟು ಎತ್ತಿದ. ಅವಳು ಕರಿಯ ಅಂಗೈಯನ್ನು ಬೆನ್ನ ಕೆಳಗೆ ತೂರಿಸಿ, ನಡುವಿನಲ್ಲಿ ಊರಿದಳು. ಬಟ್ಟೆ ಮುದುರಿರಲಿಲ್ಲ. ಎಂದಿಗಿಂತ ಸ್ವಲ್ಪ ಹೆಚ್ಚು ಹೊತ್ತು ಕೈ ಅಲ್ಲೇ ಇತ್ತು.

"ಹ್ಞೂಂ, ಸಾಕು," ಎಂದು ಕೈ ತೆಗೆದಳು. "ಎತ್ತಿ."

ಮಂಚದ ಮುಂದಿನ ಕಾಲಿಗೆ ಹೆಗಲು ಕೊಟ್ಟು ಮಗ ಹೊರಟ. ಅವನ ಬಿಳಿ ಶರ್ಟಿನ ನಡುವೆ ಐದು ಬೆರಳೂ ಕಾಣುವಂತೆ ಮಸಿ ಮೂಡಿತ್ತು. ಹಿಂದೆ ನಡೆಯುತ್ತಿದ್ದ ದರ್ಜಿ ಅದನ್ನು ಕಂಡು ಹಳೆಯ ತಮಾಷೆಗೆ ಬಾಯಿ ತೆರೆದವನು, ಮುಚ್ಚಿಕೊಂಡ. ಮುದುಕಿ ಬಾಗಿಲಲ್ಲಿ ನಿಂತು, ಬಲಗೈಯನ್ನು ಸೆರಗಿಗೆ ತಾಗದಂತೆ ದೂರ ಹಿಡಿದುಕೊಂಡು, ಬೀದಿಯ ತಿರುವಿನವರೆಗೂ ಅವರನ್ನು ನೋಡುತ್ತಿದ್ದಳು.