ಕಾಸಾಬ್ಲಾಂಕಾಕ್ಕೆ ಒಂದು ಟ್ರಯಲ್

ಸ್ವರ್ಣಲತಾ ಒಬ್ಬಳೇ ಕಾಸಾಬ್ಲಾಂಕಾಕ್ಕೆ ಹೋಗಬೇಕಾದರೆ ಮೊದಲು ದುಬೈ ಮೆಟ್ರೋದಲ್ಲಿ ಪಾಸಾಗಬೇಕು ಎಂದು ಅವಳ ಗಂಡ ಧರ್ಮಪಾಲ ತೀರ್ಪು ಕೊಟ್ಟದ್ದು ಒಂದು ಗುರುವಾರ ಸಂಜೆ, ಗಂಜಿಗೆ ಉಪ್ಪಿನಕಾಯಿ ಹಾಕಿಕೊಳ್ಳುತ್ತಾ. ಪಾಸಾದರೆ ಪ್ರಯಾಣ. ಫೇಲಾದರೆ ಟಿಕೆಟ್ ಕ್ಯಾನ್ಸಲ್, ಮದುವೆಗೆ ಒಂದು ಸೀರೆಯನ್ನು ಕೊರಿಯರ್ ಮಾಡಿ ಕೈತೊಳೆದುಕೊಳ್ಳುವುದು.

ಮದುವೆ ನಜಾತಳ ಮಗಳದ್ದು. ನಜಾತ್ ಮೊರಾಕ್ಕೊದವಳು. ದುಬೈಯ ಅಲ್ ಮುರಕ್ಕಬಾತ್‌ನ ಒಂದು ಕ್ಲಿನಿಕ್ಕಿನಲ್ಲಿ ಸ್ವರ್ಣಲತಾ ಲ್ಯಾಬ್ ಟೆಕ್ನಿಷಿಯನ್, ಅವಳು ನರ್ಸ್. ಹದಿನೆಂಟು ವರ್ಷ ಇಬ್ಬರೂ ಒಂದೇ ಮೈಕ್ರೋವೇವಿನಲ್ಲಿ ಊಟ ಬಿಸಿ ಮಾಡಿಕೊಂಡವರು. ಮಗಳು ಯಶ್ಮಿತಾ ಹುಟ್ಟಿದ ದಿನ ಹೆರಿಗೆ ಕೋಣೆಯ ಬಾಗಿಲಲ್ಲೇ ಧರ್ಮಪಾಲ ಪ್ರಜ್ಞೆ ತಪ್ಪಿ ಬಿದ್ದು ಇಬ್ಬರು ನರ್ಸುಗಳು ಅವನ ಆರೈಕೆಗೇ ಬೇಕಾದಾಗ, ಒಳಗೆ ಸ್ವರ್ಣಲತಾಳ ಕೈ ಹಿಡಿದು ನಿಂತವಳು ನಜಾತ್. ಎರಡು ವರ್ಷದ ಹಿಂದೆ ಕೆಲಸ ಬಿಟ್ಟು ತನ್ನ ಊರು ರಬಾತಿಗೆ ಮರಳಿದ್ದಳು. ಈಗ ಫೋನ್ ಮಾಡಿ, "ನೀನು ಬಾರದಿದ್ದರೆ ನಾನು ಮದುಮಗಳ ಕೈಗೆ ಮದರಂಗಿ ಹಚ್ಚಲು ಬಿಡುವುದಿಲ್ಲ" ಎಂದು ಹೆದರಿಸಿದ್ದಳು. ಸ್ವರ್ಣಲತಾ ಆವತ್ತೇ ರಜೆಗೆ ಅರ್ಜಿ ಕೊಟ್ಟಳು. ಅವಳಿಗೆ ಹೋಗಲೇಬೇಕಿತ್ತು, ಇಷ್ಟು ಬಲವಾಗಿ ಅವಳು ಏನನ್ನೂ ಬಯಸಿದ್ದಿಲ್ಲ.

ಯಶ್ಮಿತಾಳಿಗೆ ಹನ್ನೆರಡನೆಯ ಕ್ಲಾಸಿನ ಪರೀಕ್ಷೆ, ಧರ್ಮಪಾಲನಿಗೆ ಗೋದಾಮಿನಲ್ಲಿ ಸ್ಟಾಕ್ ಎಣಿಸುವ ವಾರ. ಹೀಗಾಗಿ ಒಬ್ಬಳೇ ಹೋಗಬೇಕು, ಕಾಸಾಬ್ಲಾಂಕಾದವರೆಗೆ ವಿಮಾನ, ಅಲ್ಲಿಂದ ರಬಾತಿಗೆ ರೈಲು. ಈ 'ಒಬ್ಬಳೇ' ಎಂಬುದು ಧರ್ಮಪಾಲನ ಗಂಟಲಲ್ಲಿ ಇಳಿಯಲಿಲ್ಲ. ಅವನು ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಗೋದಾಮಿನಿಂದ ಸರಕು ಕಳಿಸುವ ಡಿಸ್ಪ್ಯಾಚ್ ಸೂಪರ್‌ವೈಸರ್. ಮದುವೆಯಾದ ಇಪ್ಪತ್ತನಾಲ್ಕು ವರ್ಷಗಳಿಂದ ಹೆಂಡತಿಯನ್ನೂ ಅವನೇ ಡಿಸ್ಪ್ಯಾಚ್ ಮಾಡುತ್ತಾ ಬಂದಿದ್ದಾನೆ. ಅವಳು ಒಬ್ಬಳೇ ಅಬುಧಾಬಿಗೆ ಹೋದದ್ದು ಒಂದೇ ಸಲ. ಅದರಲ್ಲೂ ಇಲ್ಲಿ ಬಸ್ಸು ಹತ್ತಿಸಿ ಡ್ರೈವರನಿಗೆ ಒಪ್ಪಿಸಿದವನು ಧರ್ಮಪಾಲ, ಅಲ್ಲಿ ಇಳಿಸಿಕೊಂಡು "ಸರಿಯಾಗಿ ತಲುಪಿತು" ಎಂದು ಮೆಸೇಜು ಹಾಕಿದವನು ಅವನ ತಮ್ಮ ಸುಜಿತ್.

"ಕಾಸಾಬ್ಲಾಂಕಾದಲ್ಲಿ ಒಂದು ಸ್ಟೇಷನ್ ಅಲ್ಲ ಮಾರಾಯ್ತಿ, ಸುಮಾರು ಉಂಟು," ಎಂದು ಅವನು ನಕ್ಷೆ ಹರಡಿದ. "ಕಾಸಾ ವೊಯಾಜರ್ ಅಂತ ಒಂದು, ಕಾಸಾ ಪೋರ್ಟ್ ಅಂತ ಇನ್ನೊಂದು, ನಡುವೆ ಒಯಾಸಿಸ್ ಅಂತ ಮತ್ತೊಂದು. ನೀನು ಒಂದರಲ್ಲಿ ಇಳೀಬೇಕಾದವಳು ಇನ್ನೊಂದರಲ್ಲಿ ಇಳಿದ್ರೆ? ನಿನ್ನ ಅಮ್ಮನ ಕತೆ ಮರ್ತು ಹೋಯ್ತಾ?"

ಅಮ್ಮನ ಕತೆ ಮನೆಯಲ್ಲಿ ಎಲ್ಲರಿಗೂ ಗೊತ್ತು. ಒಮ್ಮೆ ಅವರು ಮುಂಬೈಯಿಂದ ಬಂದು ಮಂಗಳೂರು ಜಂಕ್ಷನ್‌ನಲ್ಲಿ ಇಳಿದಿದ್ದರೆ, ಅಳಿಯ ಮಂಗಳೂರು ಸೆಂಟ್ರಲ್‌ನಲ್ಲಿ ಮೂರು ಗಂಟೆ ಕಾದಿದ್ದ.

"ಅಮ್ಮ ಸರಿಯಾದ ಸ್ಟೇಷನಲ್ಲೇ ಇಳ್ದಿದ್ರು," ಎಂದಳು ಸ್ವರ್ಣಲತಾ. "ತಪ್ಪು ಸ್ಟೇಷನಿಗೆ ಹೋದದ್ದು ನೀವು."

"ಅದೇ ನಾನು ಹೇಳುವುದು. ನನಗೇ ಹಾಗಾಗ್ಬೇಕಾದ್ರೆ ನಿನ್ನ ಗತಿ ಎಂತ?"

ದುಬೈಯ ತುಳು ನಾಟಕಗಳಿಗೆಲ್ಲ ಟ್ರಯಲ್, ಅಂದರೆ ತಾಲೀಮು, ನಡೆಸುವವನು ಧರ್ಮಪಾಲನೇ. ಎರಡು ಗಂಟೆಯ ನಾಟಕಕ್ಕೆ ಮೂರು ತಿಂಗಳು ಎಲ್ಲರ ಜೀವ ಹಿಂಡುವುದರಲ್ಲಿ ಅವನದು ಎತ್ತಿದ ಕೈ. ಕಾಸಾಬ್ಲಾಂಕಾಕ್ಕೂ ಟ್ರಯಲ್ ಆಗಲೇಬೇಕು ಎಂದು ಹಟ ಹಿಡಿದ. ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ಮೂವರೂ ಏರ್‌ಪೋರ್ಟ್ ಟರ್ಮಿನಲ್ ಒಂದರ ಮೆಟ್ರೋ ನಿಲ್ದಾಣದಲ್ಲಿ ನಿಂತಿದ್ದರು. ಸ್ವರ್ಣಲತಾಳ ಕೈಯಲ್ಲಿ ದೊಡ್ಡ ಸೂಟ್‌ಕೇಸು. ಪೂರ್ತಿ ತೂಕದಲ್ಲೇ ಟ್ರಯಲ್ ಆಗಬೇಕೆಂದು ಅದರಲ್ಲಿ ನಾಲ್ಕು ಚೀಲ ಕುಚ್ಚಲಕ್ಕಿ ತುಂಬಿಸಿದ್ದ. ಹೊರಗೆ 'ಈ ಬದಿ ಮೇಲೆ' ಎಂಬ ಗೋದಾಮಿನ ಚೀಟಿ ಬೇರೆ.

"ಕೇಳು. ಇದು ಕಾಸಾಬ್ಲಾಂಕಾ ಏರ್‌ಪೋರ್ಟ್. ಡೇರಾ ಸಿಟಿ ಸೆಂಟರ್ ಅಂದ್ರೆ ಒಯಾಸಿಸ್, ಅಲ್ಲಿ ಇಳೀಲಿಕ್ಕಿಲ್ಲ. ಯೂನಿಯನ್ ಅಂದ್ರೆ ಕಾಸಾ ವೊಯಾಜರ್, ಅಲ್ಲಿ ಇಳಿದು ಟಿಕೆಟ್ ತೆಗೊಂಡು ರೈಲು ಬದಲಿಸ್ಬೇಕು. ಅಲ್ಲಿ ಇಳೀದೆ ಮುಂದೆ ಬುರ್ಜುಮಾನಿಗೆ ಹೋದ್ಯೋ, ಅದು ಕಾಸಾ ಪೋರ್ಟ್. ಖಲಾಸ್."

"ರಬಾತ್?"

"ಸಲಾಹುದ್ದೀನ್ ಸ್ಟೇಷನ್."

"ಅದು ನಮ್ಮ ಮನೆಯ ಹತ್ರದ್ದಲ್ವಾ?"

"ಟ್ರಯಲ್‌ನಲ್ಲಿ ಅದು ರಬಾತ್. ಯಶ್ಮಿ ಈಗಲೇ ಹೋಗಿ ಅಲ್ಲಿ ನಜಾತ್ ಆಗಿ ನಿಲ್ತಾಳೆ."

"ಪಪ್ಪ, ದಿಸ್ ಇಸ್ ಸೋ ಎಂಬರಾಸಿಂಗ್," ಎಂದು ಗೊಣಗುತ್ತಾ ಯಶ್ಮಿತಾ ಮುಂದಿನ ರೈಲಿಗೆ ಹೊರಟುಹೋದಳು.

"ನೀವು ಎಲ್ಲಿರ್ತೀರಿ?" ಸ್ವರ್ಣಲತಾ ಕೇಳಿದಳು.

"ನಾನು ದುಬೈಯಲ್ಲಿರ್ತೇನೆ."

"ನಾವೀಗ ದುಬೈಯಲ್ಲೇ ಇರುವುದಲ್ವಾ?"

"ನಾನು ಮಾತ್ರ. ನೀನಿಲ್ಲ. ನಾನು ಹಿಂದಿನಿಂದ ನೋಡ್ತಾ ಇರ್ತೇನೆ, ಆದ್ರೆ ನಾನು ಅಲ್ಲಿಲ್ಲ. ತಿರುಗಿ ನೋಡಿದ್ರೆ ಫೇಲ್. ಮತ್ತೆ, ಗುರುತಿಲ್ಲದ ಗಂಡಸು ಮಾತಾಡಿಸಿದ್ರೆ ಎಂತ ಹೇಳ್ಬೇಕು?"

"ಗುರುತಿಲ್ಲ ಅಂತ."

"ಶಾಬಾಸ್."

ರೈಲು ಬಂತು. ಸ್ವರ್ಣಲತಾ ಸೂಟ್‌ಕೇಸು ಎಳೆದುಕೊಂಡು ಹೆಂಗಸರ ಮತ್ತು ಮಕ್ಕಳ ಡಬ್ಬಿ ಹತ್ತಿದಳು. ಧರ್ಮಪಾಲ ಪಕ್ಕದ ಡಬ್ಬಿಯಲ್ಲಿ ಮುಖಕ್ಕೆ ಪತ್ರಿಕೆ ಹಿಡಿದು ನಿಂತ. ಎರಡು ಡಬ್ಬಿಗಳ ನಡುವೆ ಗೋಡೆಯಿಲ್ಲ. ನೆಲದ ಮೇಲೆ ಒಂದು ಗುಲಾಬಿ ಪಟ್ಟಿ ಅಷ್ಟೆ. ಅದನ್ನು ದಾಟಿದ ಗಂಡಸಿಗೆ ದಂಡ ಎಂಬುದು ದುಬೈಯಲ್ಲಿ ಹಸುಗೂಸಿಗೂ ಗೊತ್ತು.

ಗರ್ಹೂದ್ ಕಳೆಯಿತು. ಒಯಾಸಿಸ್, ಅಂದರೆ ಡೇರಾ ಸಿಟಿ ಸೆಂಟರ್ ಬಂತು. ಸ್ವರ್ಣಲತಾ ಇಳಿಯಲಿಲ್ಲ. ಆದರೆ ಶಾಪಿಂಗ್ ಚೀಲಗಳ ದಂಡೊಂದು ಹತ್ತಿಕೊಂಡು ಅವಳನ್ನು ಮರೆಮಾಡಿತು. ಪರೀಕ್ಷಕನಿಗೆ ಚಡಪಡಿಕೆ ಶುರುವಾಯಿತು. ಅವನು ಕತ್ತು ಉದ್ದ ಮಾಡಿದ, ತುದಿಗಾಲಲ್ಲಿ ನಿಂತ, ಕೊನೆಗೆ ಮೈಮರೆತು ಮೂರು ಹೆಜ್ಜೆ ಮುಂದೆ ಬಂದ. ಬಾಗಿಲ ಗಾಜಿನಲ್ಲಿ ಸ್ವರ್ಣಲತಾ ಎಲ್ಲವನ್ನೂ ನೋಡುತ್ತಿದ್ದಳು. ಗಾಜಿನಲ್ಲಿ ನೋಡಿದರೆ ತಿರುಗಿ ನೋಡಿದಂತಲ್ಲವಲ್ಲ.

"ಸರ್," ಎಂದು ಒಬ್ಬ ಇನ್‌ಸ್ಪೆಕ್ಟರ್ ಎದುರು ನಿಂತ. ಬಹಳ ಮರ್ಯಾದಸ್ತ ಹುಡುಗ. "ದಿಸ್ ಇಸ್ ಲೇಡೀಸ್ ಅಂಡ್ ಚಿಲ್ಡ್ರನ್."

"ಐ ನೋ, ಐ ನೋ. ಐ ಆಮ್ ಚೆಕಿಂಗ್ ಮೈ ವೈಫ್. ಶೀ ಇಸ್ ಇನ್ ಕಾಸಾಬ್ಲಾಂಕಾ."

ಇನ್‌ಸ್ಪೆಕ್ಟರ್ ಸ್ವಲ್ಪ ಹೊತ್ತು ಅವನ ಮುಖವನ್ನೇ ನೋಡಿದ. "ಅಂಡ್ ಯು, ಸರ್?"

"ಆಕ್ಚುವಲಿ ಐ ಆಮ್ ನಾಟ್ ಹಿಯರ್."

ಸುತ್ತಲಿನ ಹೆಂಗಸರು ಚೀಲಗಳನ್ನು ಎದೆಗವುಚಿಕೊಂಡರು. ಧರ್ಮಪಾಲ ಕೊನೆಯ ಅಸ್ತ್ರವಾಗಿ ಕೈ ಚಾಚಿ ಸ್ವರ್ಣಲತಾಳನ್ನು ತೋರಿಸಿದ. ಇನ್‌ಸ್ಪೆಕ್ಟರ್ ಅವಳ ಬಳಿ ಬಂದು, "ಮ್ಯಾಡಮ್, ಈ ವ್ಯಕ್ತಿ ನಿಮಗೆ ಗುರುತುಂಟಾ?" ಎಂದು ಇಂಗ್ಲಿಷಿನಲ್ಲಿ ಕೇಳಿದ.

ಟ್ರಯಲ್‌ನ ಪ್ರಕಾರ ಗಂಡ ಇರುವುದು ದುಬೈಯಲ್ಲಿ. ಹೌದೆಂದರೆ ಫೇಲ್. ಫೇಲಾದರೆ ನಜಾತಳ ಮನೆಗೆ ಅವಳ ಬದಲು ಒಂದು ಕೊರಿಯರ್ ಹೋಗುತ್ತದೆ. ಅವಳು ಗಂಡನನ್ನು ಕಾಲಿನಿಂದ ತಲೆಯವರೆಗೆ ನೋಡಿ, "ನೋ," ಎಂದಳು.

ಅಲ್ ರಿಗ್ಗಾದಲ್ಲಿ ಧರ್ಮಪಾಲನನ್ನು ಮರ್ಯಾದೆಯಿಂದಲೇ ಇಳಿಸಿಕೊಂಡರು. ಬಾಗಿಲು ಮುಚ್ಚುವಾಗ ಅವನು ಎಮಿರೇಟ್ಸ್ ಐಡಿಗಾಗಿ ಜೇಬು ತಡಕಾಡುತ್ತಿದ್ದ. ಮುಖ ನೋಡುವ ಹಾಗಿರಲಿಲ್ಲ. ಸ್ವರ್ಣಲತಾಳಿಗೆ ನಗು ಬಂತು, ನಗು ಬಂದುದಕ್ಕೆ ನಾಚಿಕೆಯಾಯಿತು, ನಾಚಿಕೆಯ ಬೆನ್ನಿಗೇ ಮತ್ತೆ ನಗು ಬಂತು.

ಯೂನಿಯನ್‌ನಲ್ಲಿ ಇಳಿದರೆ ಟಿಕೆಟ್ ಯಂತ್ರದ ಪಕ್ಕ ಲಿಡ್ವಿನ್ ಟೈ ಕಟ್ಟಿಕೊಂಡು ನಿಂತಿದ್ದ. ಅವರ ಕಟ್ಟಡದ ಮೇಲಿನ ಮಹಡಿಯವನು, ಮಂಗಳೂರಿನ ಕೊಂಕಣಿ ಹುಡುಗ, ಹೋಟೆಲೊಂದರಲ್ಲಿ ರಿಸೆಪ್ಷನಿಸ್ಟ್. ನಾಲ್ಕು ವಾಕ್ಯ ಫ್ರೆಂಚ್ ಬರುತ್ತದೆಂಬ ಕಾರಣಕ್ಕೆ ಧರ್ಮಪಾಲ ಅವನನ್ನು ಮೊರಾಕ್ಕೊದ ಟಿಕೆಟ್ ಗುಮಾಸ್ತನನ್ನಾಗಿ ನೇಮಿಸಿದ್ದ. ಸ್ವರ್ಣಲತಾ ಒಂದು ಬೆರಳೆತ್ತಿ "ರಬಾತ್" ಎಂದಳು. ಲಿಡ್ವಿನ್ ಗಂಟಲು ಸರಿಮಾಡಿಕೊಂಡು ಸೊಗಸಾದ ಫ್ರೆಂಚಿನಲ್ಲಿ ಏನೋ ಹೇಳಿ ಕಾಗದದ ಚೂರೊಂದನ್ನು ಕೊಟ್ಟ.

"ಎಂತ ಹೇಳಿದ್ದು ನೀನು?"

"ನಿಮ್ಮ ಕೋಣೆ ರೆಡಿ ಉಂಟು, ಬೆಳಗಿನ ತಿಂಡಿ ಏಳರಿಂದ ಹತ್ತು ಅಂತ. ನನಗೆ ಬರುವುದು ಅಷ್ಟೇ ಸ್ವರ್ಣಕ್ಕ." ಅವನು ಸುತ್ತ ನೋಡಿದ. "ಧರ್ಮಣ್ಣ ಎಲ್ಲಿ?"

"ಅವರು ದುಬೈಯಲ್ಲಿದ್ದಾರೆ," ಎಂದು ಸ್ವರ್ಣಲತಾ ಹಸಿರು ಮಾರ್ಗದ ಕಡೆಗೆ ಅಕ್ಕಿ ಎಳೆದುಕೊಂಡು ನಡೆದಳು.

ರಬಾತಿನಲ್ಲಿ ಯಶ್ಮಿತಾ ತೂಕಡಿಸುತ್ತಾ ನಿಂತಿದ್ದಳು. "ಹಾಯ್, ಐ ಆಮ್ ನಜಾತ್ ಆಂಟಿ, ವೆಲ್ಕಮ್ ಟು ರಬಾತ್, ಕ್ಯಾನ್ ವಿ ಗೋ ಹೋಮ್?" ಎಂದಳು. ಅರ್ಧ ಗಂಟೆ ಕಾದರೂ ಪರೀಕ್ಷಕನ ಸುಳಿವಿಲ್ಲ. ಸ್ವರ್ಣಲತಾ ಫೋನ್ ಮಾಡಿದಳು.

"ಎಲ್ಲಿದ್ದೀರಿ ಮಾರಾಯ್ರೆ?"

ಆ ಕಡೆ ರೈಲಿನ ಘೋಷಣೆ ಕೇಳುತ್ತಿತ್ತು.

"ದಂಡದ ಕಾಗದ ಓದ್ತಾ ಇದ್ದೆ," ಎಂದ ಧರ್ಮಪಾಲ. "ಯೂನಿಯನ್ ಬಂದದ್ದು ಗೊತ್ತಾಗ್ಲಿಲ್ಲ."

"ಈಗ ಎಲ್ಲಿ?"

"ಕಾಸಾ ಪೋರ್ಟ್."

ಯಶ್ಮಿತಾ ಸೂಟ್‌ಕೇಸಿನ ಮೇಲೆ ಕುಳಿತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ಮನೆಗೆ ಬಂದ ಧರ್ಮಪಾಲ ಅಂಗಿ ಬದಲಿಸುವ ಮೊದಲೇ ಹೊಸ ತೀರ್ಪು ಕೊಟ್ಟ. ಪರೀಕ್ಷಕನೇ ಇಲ್ಲದ ಮೇಲೆ ಪರೀಕ್ಷೆ ರದ್ದು. ಮುಂದಿನ ಶನಿವಾರ ಇನ್ನೊಂದು ಟ್ರಯಲ್. ವಿಮಾನ ಇದ್ದದ್ದು ಗುರುವಾರ.

ಸ್ವರ್ಣಲತಾ ಅಕ್ಕಿಯ ಚೀಲಗಳನ್ನು ಒಂದೊಂದಾಗಿ ಹೊರತೆಗೆದು ನೆಲಕ್ಕೆ ಕುಕ್ಕಿದಳು. "ದಿನಕ್ಕೆ ಐವತ್ತು ಜನರ ಕೈಗೆ ಸೂಜಿ ಚುಚ್ಚುವವಳು ನಾನು. ಅಳುವ ಮಕ್ಕಳ ನರ ಹುಡುಕ್ತೇನೆ, ಹೆದರಿ ಓಡುವ ಪೈಲ್ವಾನರನ್ನು ಹಿಡಿದು ಕೂರಿಸ್ತೇನೆ. ಒಂದು ರೈಲು ಬದಲಿಸ್ಲಿಕ್ಕೆ ನನಗೆ ಬರುದಿಲ್ವಾ? ಕಾರ್ಟನ್ ಹಾಗೆ ನನ್ನನ್ನು ಹತ್ತಿಸಿ ಇಳಿಸಿದ್ದು ಸಾಕು. ನೀವು ಪಾಸ್ ಮಾಡಿ, ಫೇಲ್ ಮಾಡಿ. ನಾನು ಹೋಗುವವಳೇ."

ಇಪ್ಪತ್ತನಾಲ್ಕು ವರ್ಷದಲ್ಲಿ ಈ ಮನೆಯಲ್ಲಿ ಇಷ್ಟು ಜೋರಿನ ಮಾತು ಬಂದಿರಲಿಲ್ಲ. ಯಶ್ಮಿತಾ ಫೋನ್ ಕೆಳಗಿಟ್ಟಳು. ಧರ್ಮಪಾಲ ಸೋಫಾದ ಅಂಚಿನಲ್ಲಿ ಕುಳಿತ.

"ನೀನು ಫೇಲಾಗ್ತಿ ಅಂತಲೇ ಅಷ್ಟು ಕಷ್ಟದ ಟ್ರಯಲ್ ಇಟ್ಟದ್ದು," ಎಂದ ಕೊನೆಗೆ, ಅವಳತ್ತ ನೋಡದೆ. "ನೀನು ಕಳೆದು ಹೋಗುದಿಲ್ಲ ಅಂತ ನನಗೂ ಗೊತ್ತುಂಟು. ಒಂಬತ್ತು ದಿನ ನೀನಿಲ್ಲದೆ ನಾನು ಎಂತ ಮಾಡ್ಲಿ? ನನಗೆ ಹೆದರಿಕೆ ಆಗ್ತದೆ ಸ್ವರ್ಣ."

ಸ್ವರ್ಣಲತಾಳಿಗೆ ಪಾಪ ಅನ್ನಿಸಿತು. ಆದರೆ ಟಿಕೆಟ್ ಕ್ಯಾನ್ಸಲ್ ಮಾಡುವಷ್ಟು ಪಾಪ ಅನ್ನಿಸಲಿಲ್ಲ. ಅವಳು ಅವನ ಪಕ್ಕ ಕುಳಿತು ಕುಕ್ಕರಿಗೆ ಎಷ್ಟು ಅಕ್ಕಿಗೆ ಎಷ್ಟು ನೀರು ಎಂದು ಹೇಳಿಕೊಟ್ಟಳು. ಅವನು ಅದನ್ನು ಡೈರಿಯಲ್ಲಿ ಬರೆದುಕೊಂಡ.

ಗುರುವಾರ ಅವಳು ಹೊರಟಳು. ಕಾಸಾಬ್ಲಾಂಕಾ ಏರ್‌ಪೋರ್ಟಿನಿಂದ ಹೊರಟ ರೈಲು ದುಬೈಯ ಯಾವ ರೈಲಿನ ಹಾಗೂ ಇರಲಿಲ್ಲ. ಜನ ಜೋರಾಗಿ ಮಾತಾಡುತ್ತಿದ್ದರು, ಬ್ರೆಡ್ಡು ಮುರಿದು ತಿನ್ನುತ್ತಿದ್ದರು. ತಿಂದರೆ ದಂಡವೆಂಬ ಭಯದಲ್ಲಿ ಇಷ್ಟು ವರ್ಷ ದುಬೈಯ ರೈಲಿನಲ್ಲಿ ಒಂದು ಚ್ಯೂಯಿಂಗ್ ಗಮ್ಮನ್ನೂ ಬಾಯಿಗೆ ಹಾಕದ ಸ್ವರ್ಣಲತಾ, ಎದುರಿನ ಅಜ್ಜಿ ಕೊಟ್ಟ ಖರ್ಜೂರವನ್ನು ಅತ್ತಿತ್ತ ನೋಡಿ ಬಾಯಿಗೆ ಹಾಕಿಕೊಂಡಳು. ಒಯಾಸಿಸ್ ಬಂತು, ಹೋಯಿತು. "ಕಾಸಾ ವೊಯಾಜರ್?" ಎಂದು ಕೇಳಿದ್ದಕ್ಕೆ ಅಜ್ಜಿ ಎರಡು ಬೆರಳೆತ್ತಿ ಇನ್ನೂ ಎರಡು ಸ್ಟೇಷನ್ ಎಂದಳು. ಅಲ್ಲಿ ಅರ್ಧ ರೈಲೇ ಇಳಿಯಿತು. ಅವರ ಜೊತೆ ಅವಳೂ ಇಳಿದಳು. ಕಷ್ಟವೇನೂ ಇರಲಿಲ್ಲ.

ಎತ್ತರದ ಹಜಾರದಲ್ಲಿ ಜನ ಒಬ್ಬರನ್ನೊಬ್ಬರು ಅಪ್ಪಿಕೊಳ್ಳುತ್ತಿದ್ದರು, ಓಡುತ್ತಿದ್ದರು, ಬೈಯುತ್ತಿದ್ದರು. ಅವಳನ್ನು ಹತ್ತಿಸಲು ಯಾರೂ ಇರಲಿಲ್ಲ, ಇಳಿಸಿಕೊಳ್ಳಲು ಯಾರೂ ಇರಲಿಲ್ಲ. ಮೊದಲು ಸ್ವಲ್ಪ ಹೆದರಿಕೆಯಾಯಿತು. ಆಮೇಲೆ ಎದೆ ತುಂಬಾ ಖುಷಿಯಾಯಿತು. ಅವಳು ಮೂಲೆಯ ಕೆಫೆಯಲ್ಲಿ ಪುದೀನ ಹಾಕಿದ ಚಹಾ ತೆಗೆದುಕೊಂಡು ಕುಳಿತಳು. ನಜಾತಳಿಗೆ "ಸ್ವಲ್ಪ ತಡವಾಗಿ ಬರುತ್ತೇನೆ" ಎಂದು ಮೆಸೇಜು ಹಾಕಿದಳು. "ನಿಧಾನಕ್ಕೆ ಬಾ" ಎಂದು ಉತ್ತರ ಬಂತು. ಫಲಕದ ಮೇಲೆ ರಬಾತಿನ ರೈಲಿನ ಸಮಯ ಬಂತು, ಮಿನುಗಿತು, ಅಳಿಸಿಹೋಯಿತು.

ಆಗ ಫೋನ್ ಬಂತು. "ರೈಲು ಹತ್ತಿದ್ಯಾ?" ಧರ್ಮಪಾಲನ ಎದುರು ವೇಳಾಪಟ್ಟಿ ಇರುವುದು ದನಿಯಲ್ಲೇ ತಿಳಿಯುತ್ತಿತ್ತು.

"ಇಲ್ಲ. ಕಾಸಾ ವೊಯಾಜರ್‌ನಲ್ಲಿದ್ದೇನೆ."

"ಅಯ್ಯೋ! ತಪ್ಪಿ ಹೋಯ್ತಾ?"

"ತಪ್ಪಿದ್ದಲ್ಲ. ಬಿಟ್ಟದ್ದು."

"ಬಿಟ್ಟದ್ದು ಅಂದ್ರೆ?"

"ಚಹಾ ಕುಡೀತಾ ಇದ್ದೆ. ಅರ್ಧ ಉಳಿದಿತ್ತು. ಇನ್ನೊಂದು ರೈಲು ಉಂಟಲ್ಲ, ಅದಕ್ಕೆ ಹೋದ್ರಾಯ್ತು ಅಂತ."

ಸ್ವರ್ಣಲತಾ ಬೈಗುಳಕ್ಕೆ ಕಾದಳು. ಆ ಕಡೆ ವೇಳಾಪಟ್ಟಿ ಮಡಚಿದ ಸದ್ದು ಕೇಳಿಸಿತು.

"ಹೇಗುಂಟು ಚಹಾ?" ಎಂದ.

ಇಪ್ಪತ್ತನಾಲ್ಕು ವರ್ಷದಲ್ಲಿ ಅವನು ಹತ್ತಿದ್ಯಾ ಎಂದು ಕೇಳಿದ್ದ, ಇಳಿದ್ಯಾ ಎಂದು ಕೇಳಿದ್ದ, ತಲುಪಿದ್ಯಾ ಎಂದು ಕೇಳಿದ್ದ. ಹೇಗುಂಟು ಎಂದು ಕೇಳಿದ್ದು ಇದೇ ಮೊದಲು. ಸ್ವರ್ಣಲತಾ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, ಲೋಟದಲ್ಲಿ ತೇಲುವ ಪುದೀನ ಎಲೆಯಿಂದ ಶುರುಮಾಡಿ ಒಂದೊಂದಾಗಿ ಹೇಳತೊಡಗಿದಳು. ಎರಡನೆಯ ರೈಲೂ ಹೋಯಿತು.