ಜಾಲಿ ಬೊಡ್ಡೆ ಮತ್ತು ಲಾರಿ ಜಾಕು

ಹಾವಿನ ಹಗೆ ಹನ್ನೆರಡು ವರುಷ ಅಂತಾರೆ. ಗುಡುಸಾಬನ ಹಗೆಗೆ ಹದಿನಾಲ್ಕೇ ತಿಂಗಳು, ಆದರೆ ಒಂದು ದಿನವೂ ಅದು ಆರಿರಲಿಲ್ಲ.

ಸಿಂದಗಿಯ ಗುರಲಿಂಗಪ್ಪನ ಕಟ್ಟಿಗೆ ವಖಾರದ ಬಾಗಿಲಲ್ಲಿ ಗಂಟುಗಂಟಾದ ಒಂದು ಜಾಲಿ ಬೊಡ್ಡೆ ಬಿದ್ದಿತ್ತು. ಅದನ್ನು ಸೀಳಿದವನನ್ನು ಮಾಲಕ ಒಂದು ದಿನ ತನ್ನ ಗಾದಿಯ ಮೇಲೆ ಕೂಡಿಸಿ, ಕೈಯಾರೆ ಚಹಾ ಕೊಡಬೇಕು. ಇದು ಅವರಪ್ಪನ ಕಾಲದ ರೂಢಿ. ಯಾರೂ ಸೀಳಿರಲಿಲ್ಲ. ಇಪ್ಪತ್ತು ವರ್ಷ ಅಲ್ಲೇ ಕಟ್ಟಿಗೆ ಒಡೆದಿದ್ದ ಗುಡುಸಾಬ ಒಂದು ಸಂತೆಯ ದಿನ ಕೊಡಲಿ ಎತ್ತಿದ. ಆರನೇ ಏಟಿಗೆ ಬಲರಟ್ಟೆ ಕಳಚಿತು. ನರಳುತ್ತ ಬಿದ್ದವನ ಎದುರಿಗೇ ಗುರಲಿಂಗಪ್ಪ ಆ ಬೊಡ್ಡೆಯ ಮೇಲೆ ಕಾಲ ಮೇಲೆ ಕಾಲು ಹಾಕಿ ಕುಳಿತ.

“ಮುಗೀತಲೇ ಗುಡು ನಿನ್ನ ಆಟ. ಇನ್ನ ಮನ್ಯಾಗ ಹೆಂಡ್ತಿ ಜೋಡಿ ಬ್ಯಾಳಿ ಆರಿಸ್ಕೋತ ಕೂಡು.”

ಸಂತೆಗೆ ಸಂತೆಯೇ ನಕ್ಕಿತು. ರೊಟ್ಟಿ ಮುರಿದರೂ ಆ ನಗು, ನಮಾಜಿಗೆ ನಿಂತರೂ ಆ ನಗು! ರಟ್ಟೆ ಕೂಡಿಕೊಂಡಿತು, ಆದರೆ ಕೊಡಲಿ ಎತ್ತಲು ಬರಲಿಲ್ಲ. ಜೊತೆಯಲ್ಲಿ ಕಟ್ಟಿಗೆ ಒಡೆಯುತ್ತಿದ್ದ ಚಂದ್ರಾಮ ವಾರವಾರ ಒಂದು ಗಂಟು ಜೋಳ ತಂದು ಅವನ ಕಟ್ಟೆಯ ಮೇಲಿಟ್ಟು, ಮಾತಾಡದೆ ಹೋಗುತ್ತಿದ್ದ. ಆ ಮನೆಯ ಒಲೆ ಹತ್ತಿದ್ದೇ ಅದರಿಂದ.

ಒಂದು ದಿನ ಪಂಕ್ಚರ್ ಆದ ಲಾರಿಯನ್ನು ಕಡ್ಡಿಯಂಥ ಡ್ರೈವರನೊಬ್ಬ ಜಾಕು ಒತ್ತಿ ಒತ್ತಿ, ಮಾಲಿನ ಸಮೇತ, ಒಂದೇ ಕೈಯಲ್ಲಿ ಎತ್ತಿದ್ದನ್ನು ಗುಡುಸಾಬ ನೋಡಿದ. ಜಾಕಿನ ಒಳಗೇನಿದೆ ಎಂದು ಕೇಳಿದರೆ ಬರೀ ಎಣ್ಣೆ ಎಂದ ಡ್ರೈವರ್. ಗುಡುಸಾಬ ಅಲ್ಲಿಂದ ನೆಟ್ಟಗೆ ಬಾಗೇವಾಡಿಯ ಬಸ್ಸು ಹತ್ತಿದ. ಅಲ್ಲಿ ಗ್ಯಾರೇಜಿನಲ್ಲಿದ್ದ ಹೆಂಡತಿಯ ತಮ್ಮ ಫಕ್ರುದ್ದೀನನ ಕಾಲುಕೈ ಹಿಡಿದು ಎಣ್ಣೆ ಸೋರಿ ಕೆಟ್ಟ ಜಾಕೊಂದನ್ನು ತಂದ. ಮುರಿದ ಹತ್ತಿ ಪ್ರೆಸ್ಸಿನ ಕಬ್ಬಿಣದ ತೊಲೆಗಳಿಂದ ಕಮ್ಮಾರನ ಕೈಲಿ ಚೌಕಟ್ಟು ಮಾಡಿಸಿದ. ಮೇಲಿನ ತೊಲೆಗೆ ತನ್ನ ಕೊಡಲಿಯನ್ನೇ ಬಾಯಿ ಕೆಳಗಾಗಿ ಬಿಗಿಸಿದ. ಜಾಕು ಕೆಳಗಿನಿಂದ ಕಟ್ಟಿಗೆಯನ್ನು ಕೊಡಲಿಗೆ ಒತ್ತಬೇಕು, ಇಷ್ಟೇ ಹಿಕಮತ್ತು.

ಎಣ್ಣೆಯಲ್ಲಿ ಮಾತ್ರ ಎಡವಿದ. ಮನೆಯಲ್ಲಿದ್ದ ಕುಸುಬಿ ಎಣ್ಣೆಯನ್ನೇ ಸುರಿದ. ವಾರದಲ್ಲಿ ಅದು ಅಂಟಾಗಿ ಜಾಕು ಅಲುಗದಾಯಿತು. ಹೆಂಡತಿ ಜೋಹರಾಬಿ ಬಿದ್ದು ಬಿದ್ದು ನಕ್ಕಳು. ಒಗ್ಗರಣೆ ಹಾಕುವುದಕ್ಕೇನು ಅದು ಬಾಣಲೆಯೇ ಎಂದಳು. ನಕ್ಕಾದ ಮೇಲೆ, ಬಂಡಿಯ ಅಚ್ಚಿಗೆ ಔಡಲ ಎಣ್ಣೆಯಲ್ಲವೇ ಹಾಕುವುದು ಎಂದು ಅವಳೇ ನೆನಪಿಸಿದಳು. ಬಿಚ್ಚಿ, ತೊಳೆದು, ಚರ್ಮದ ವಾಷರು ಬದಲಿಸಿ ಔಡಲ ಎಣ್ಣೆ ಹಾಕಿದ. ಜಾಕು ಬೆಣ್ಣೆಯಂತೆ ಏರಿತು.

ಮುಂದಿನ ಸಂತೆಗೆ ಯಂತ್ರವನ್ನು ಬಂಡಿಯಲ್ಲಿ ಹೇರಿಕೊಂಡು ವಖಾರದ ಮುಂದೆ ಇಳಿಸಿದ. ಗುರಲಿಂಗಪ್ಪ ಮೂಗು ಮುರಿದ. ನಾಲ್ಕು ಜನ ಬೊಡ್ಡೆ ಎತ್ತಿ ಜಾಕಿನ ಮೇಲೆ ನಿಲ್ಲಿಸಿದರು. ಗುಡುಸಾಬ ಎಡಗೈಯಲ್ಲಿ ಒತ್ತತೊಡಗಿದ. ಜಾಕು ಪೂರ್ತಿ ಏರಿದಾಗ ಇಳಿಸಿ, ಕೆಳಗೆ ಹಲಗೆ ಕೊಟ್ಟು ಮತ್ತೆ ಒತ್ತಿದ. ಬೊಡ್ಡೆ ಮೊದಲು ಕಿರ್ರೆಂದಿತು, ಆಮೇಲೆ ಫಟ್ಟನೆ ಎರಡಾಯಿತು. ಸಂತೆ ಕೇಕೆ ಹಾಕಿತು. ಅಷ್ಟು ಮಂದಿಯ ಮುಂದೆ ಅಪ್ಪನ ರೂಢಿ ಮುರಿಯಲು ಯಾವ ಮಗನಿಗೆ ಧೈರ್ಯ ಬಂದೀತು? ಗುರಲಿಂಗಪ್ಪ ಅವನನ್ನು ಗಾದಿಯ ಮೇಲೆ ಕೂಡಿಸಿ, ಕಪ್ಪು ಬಸಿ ಹಿಡಿದು ಬಂದ. ಅವನು ಬಗ್ಗಿ ಚಹಾ ಚಾಚುವುದನ್ನು ಗುಡುಸಾಬ ಕಣ್ತುಂಬ ನೋಡಿದ. ಅಬ್ಬಾ, ಹೊಟ್ಟೆ ತಣ್ಣಗಾಯಿತು.

ದಿನಕ್ಕೆ ಎಷ್ಟು ಒಡೆಯುತ್ತದೆ ಇದು ಎಂದು ಗುರಲಿಂಗಪ್ಪ ಮೆಲ್ಲಗೆ ಕೇಳಿದ. ಗುಡುಸಾಬ ಮೀಸೆ ತೀಡಿದ.

“ಎಂಟ ಮಂದಿ ಕೆಲಸ ಒಂದ ಕೈ ಮಾಡತೈತ್ರಿ, ಸಾವಕಾರ್ರ.”

ಗುರಲಿಂಗಪ್ಪ ಕಟ್ಟಿಗೆ ಒಡೆಯುವವರ ಕಡೆ ತಿರುಗಿದ. ಅವರು ಸರಿಯಾಗಿ ಎಂಟೇ ಮಂದಿ.

“ಕೇಳಿದ್ರಿಲ್ಲೋ? ನಾಳಿಂದ ಬರಬ್ಯಾಡ್ರಿ. ಇಂಥಾದ ಒಂದ ನಾನೂ ಮಾಡಸ್ತೇನಿ.”

ಚಂದ್ರಾಮ ಕೊಡಲಿ ಹೆಗಲಿಗೇರಿಸಿ ಗಾದಿಯ ಹತ್ತಿರ ಬಂದು ನಿಂತ. ಗುಡುಸಾಬನಿಗೆ ತಲೆ ಎತ್ತಲಾಗಲಿಲ್ಲ.

“ಕುಡಿ ಗುಡು ಮಾಮಾ, ಚಹಾ ಆರಾಕತ್ತೈತಿ,” ಎಂದು ಹೇಳಿ ಚಂದ್ರಾಮ ಹೊರಟುಹೋದ.

ಗುರಲಿಂಗಪ್ಪ ಗುಡುಸಾಬನ ಮುಖವನ್ನೇ ನೋಡುತ್ತ ನಿಂತಿದ್ದ. ಅವನೆದುರು ಸೋತವನಂತೆ ಕಪ್ಪು ಕೆಳಗಿಡಲು ಗುಡುಸಾಬನಿಗೆ ಮನಸ್ಸಾಗಲಿಲ್ಲ. ತಳದ ತನಕ ಕುಡಿದ.