ಎರಡನೇ ಕೋಟು

ಉಜ್ಜಿದಷ್ಟೂ ಎಣ್ಣೆ ಮೇಲೆ ಬರುತ್ತಿತ್ತು. ಸೋಮಶೇಖರ್ ಸ್ಯಾಂಡ್ ಪೇಪರನ್ನು ಮಡಿಸಿ ಮತ್ತೆ ಕಡಪದ ಕಲ್ಲಿನ ಮೇಲೆ ಒತ್ತಿದ. ಇಷ್ಟು ವರ್ಷ ಒಗ್ಗರಣೆ ಹಾಕಿದವಳು ಅವಳು, ಈಗ ರಟ್ಟೆ ಬೀಳುತ್ತಿರುವುದು ನನ್ನದು ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ನಾಚಿಕೆಯೂ ಆಯಿತು. ಸಂಜೆ ಹೆಂಡತಿ ನೀಲಾಂಬಿಕೆ ಬರುವಷ್ಟರಲ್ಲಿ ಈ ಅಡುಗೆ ಕಟ್ಟೆ ಬೆಳ್ಳಗಾಗಿ, ಒಣಗಿ, ಹೊಸದರಂತೆ ಕಾಣಬೇಕಿತ್ತು.

ನಿನ್ನೆ ತವರು ಸರಗೂರಿನಿಂದ ಫೋನ್ ಮಾಡಿದ್ದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಅವನಿಗೆ ಹೆದರಿಕೆ ಹುಟ್ಟಿಸಿದ್ದು.

"ನಾಳೆ ಸಾಯಂಕಾಲದ ಬಸ್ಸಿಗೆ ಬತ್ತೀನಿ. ಇರಬೇಕು ಅನ್ನಿಸಿದ್ರೆ ಇರ್ತೀನಿ. ಇಲ್ಲಾಂದ್ರೆ ಬಟ್ಟೆ ತಗೊಂಡು ಅದೇ ಆಟೋಲಿ ವಾಪಸ್ ಹೊರಡ್ತೀನಿ."

"ಆಯ್ತು," ಎಂದಿದ್ದ ಅವನು. ಇನ್ನೇನಾದರೂ ಹೇಳಬಹುದಿತ್ತು ಎಂದು ಫೋನ್ ಇಟ್ಟ ಮೇಲೆ ಹೊಳೆಯಿತು. ಅವನಿಗೆ ಎಲ್ಲವೂ ಫೋನ್ ಇಟ್ಟ ಮೇಲೇ ಹೊಳೆಯುವುದು.

ಹುಣಸೂರಿನಲ್ಲಿ ಪಿಯು ಮಕ್ಕಳಿಗೆ ಕನ್ನಡ ಪಾಠ ಹೇಳುವ ಸೋಮಶೇಖರ್ ಮಾತಿಗೆ ಬಡವನೇನೂ ಅಲ್ಲ. ತರಗತಿಯಲ್ಲಿ ಗಂಟೆ ಹೊಡೆದರೂ ಬಾಯಿ ನಿಲ್ಲುವುದಿಲ್ಲ ಎಂಬ ಹೆಸರಿತ್ತು. ಮನೆಗೆ ಬಂದು ಚಪ್ಪಲಿ ಬಿಡುವಾಗ ಮಾತನ್ನೂ ಅದರ ಜೊತೆಗೇ ಬಿಟ್ಟು ಒಳಗೆ ಬರುತ್ತಿದ್ದ, ಅಷ್ಟೇ.

ಮಾವ ಗುರುಮಲ್ಲಪ್ಪ ತೀರಿಕೊಂಡು, ಕ್ರಿಯೆಗಳೆಲ್ಲ ಮುಗಿದು, ಗಂಡ ಹೆಂಡತಿ ಕಲ್ಕುಣಿಕೆ ಬಡಾವಣೆಯ ಈ ಮನೆಗೆ ವಾಪಸಾದ ಸಂಜೆ ನಡೆದದ್ದು ಇಷ್ಟು. ನೀಲಾಂಬಿಕೆ ಅಡುಗೆಮನೆಯಲ್ಲಿ ಬೆನ್ನು ಹಾಕಿ ನಿಂತಿದ್ದಳು. ಭುಜ ಅಲುಗುತ್ತಿತ್ತು. ಇವನು ಬಾಗಿಲಲ್ಲಿ ನಿಂತು ಏನು ಹೇಳಲಿ ಎಂದು ಯೋಚಿಸಿದ. ಬಹಳ ಯೋಚಿಸಿದ. ಆಮೇಲೆ "ಕಾಫಿ ಆಯ್ತಾ?" ಎಂದು ಕೇಳಿದ.

ಅವಳು ತಿರುಗಲಿಲ್ಲ. ಎರಡೂ ಕೈ ಕಟ್ಟೆಯ ಮೇಲೆ ಊರಿಕೊಂಡೇ, "ಈ ಕಲ್ಲಿನ ಮುಂದೆ ನಿಂತು ನಿಂತು ಸಾಕಾಯ್ತು ಕಣ್ರೀ ನಂಗೆ," ಎಂದಳು. ಬೆಳಗಾದ ಮೇಲೆ ಸರಗೂರಿನ ಬಸ್ಸು ಹತ್ತಿದಳು.

ಅವನು ಆ ಮಾತನ್ನು ಮನಸ್ಸಿನಲ್ಲಿ ತಿರುಗಿಸಿ ತಿರುಗಿಸಿ ನೋಡಿದ್ದ. ಕಲ್ಲು ನಿಜಕ್ಕೂ ಹಳೆಯದಾಗಿತ್ತು. ಅಂಚು ಅಲ್ಲಲ್ಲಿ ಮುಕ್ಕಾಗಿತ್ತು. ಸಿಂಕಿನ ಪಕ್ಕ ಗಡಸು ನೀರಿನ ಬಿಳಿ ಕಲೆ, ಒಲೆಯ ಪಕ್ಕ ಎಣ್ಣೆಯ ಜಿಡ್ಡು. ಎಷ್ಟು ತೊಳೆದರೂ ಅಡುಗೆಮನೆ ಕತ್ತಲೆ ಕತ್ತಲೆ. ಗ್ರಾನೈಟು ಹಾಕಿಸುವ ಮಾತು ಪ್ರತಿ ಯುಗಾದಿಗೂ ಎದ್ದು, ಹಬ್ಬದ ಅಡುಗೆ ಮುಗಿಯುವಷ್ಟರಲ್ಲಿ ತಣ್ಣಗಾಗುತ್ತಿತ್ತು. ಪಾಪ, ಬೇಜಾರಾಗದೆ ಇನ್ನೇನು ಎಂದುಕೊಂಡ. ಹೀಗೆ ಎಂದುಕೊಂಡಾಗ ಅವನಿಗೆ ಬಹಳ ಹಗುರವಾಯಿತು. ದುಃಖಕ್ಕೆ ಮದ್ದಿಲ್ಲ, ಕಲ್ಲಿಗೆ ಬಣ್ಣವಿದೆ.

ಮೊಬೈಲಿನ ವಿಡಿಯೋದಲ್ಲಿ ಒಬ್ಬ ಹುಡುಗಿ ನಗುನಗುತ್ತಾ ಕಪ್ಪು ಕಟ್ಟೆಯನ್ನು ಅಮೃತಶಿಲೆ ಮಾಡಿ ತೋರಿಸಿದ್ದಳು. ಕಡಿಮೆ ಖರ್ಚು, ಒಂದೇ ದಿನ. ಜಿಡ್ಡು ತೆಗೆಯಿರಿ, ಉಜ್ಜಿರಿ, ಪ್ರೈಮರ್ ಹೊಡೆಯಿರಿ, ಬಿಳಿ ಬಳಿಯಿರಿ, ಬೂದು ಬಣ್ಣದಲ್ಲಿ ತೆಳ್ಳಗೆ ಗೆರೆ ಎಳೆಯಿರಿ. ಅವಳ ಅಡುಗೆಮನೆಯಲ್ಲಿ ಯಾರೂ ಅಡುಗೆ ಮಾಡಿದ ಹಾಗೆ ಕಾಣಲಿಲ್ಲ.

ಬೆಳಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಬಣ್ಣದಂಗಡಿಗೆ ಹೋಗಿದ್ದ. ಅಂಗಡಿಯ ಅಣ್ಣಯ್ಯ ಡಬ್ಬ ಅಲ್ಲಾಡಿಸುತ್ತಾ ಇವನ ಮುಖ ನೋಡಿದ.

"ಕಡಪಕ್ಕೆ ಬಣ್ಣಾನಾ ಸಾ?"

"ಹಿಡಿಯುತ್ತೋ ಇಲ್ವೋ?"

"ಪ್ರೈಮರ್ ಒಡೆದ್ರೆ ಇಡೀತದೆ. ಇಡೀದೆ ಎಲ್ಲಿಗೋಯ್ತದೆ?"

"ಸಂಜೆಗೆ ಒಣಗಬೇಕು."

"ಬಿಸ್ಲಿದ್ರೆ ಒಣಗ್ತದೆ." ಅಣ್ಣಯ್ಯ ಆಕಾಶದ ಕಡೆಗೊಮ್ಮೆ ನೋಡಿದ. "ಏನ್ ಸಾ, ಮನೇವ್ರು ಊರಲ್ಲಿಲ್ವಾ? ಕಾಣ್ನೇ ಇಲ್ಲ ಈಚೆಗೆ."

"ಇದ್ದಾರೆ," ಎಂದು ಸೋಮಶೇಖರ್ ರೋಲರ್ ಎತ್ತಿಕೊಂಡ. ಸುಳ್ಳು ಹೇಳಲು ತನಗೆ ಇಷ್ಟು ಸುಲಭವಾಗುತ್ತದೆ ಎಂದು ಗೊತ್ತಿರಲಿಲ್ಲ.

ಈಗ ಒಲೆ, ಸಿಲಿಂಡರು, ಡಬ್ಬಗಳೆಲ್ಲ ಹಾಲಿಗೆ ಬಂದು ಸೋಫಾದ ಸುತ್ತ ಕೂತಿದ್ದವು. ಪ್ರೈಮರ್ ಒಣಗಿತು. ಮೊದಲನೇ ಕೋಟು ಎಳೆದ. ರೋಲರ್ ಹೋದ ದಾರಿಯಲ್ಲಿ ಕಪ್ಪು ಮುಚ್ಚಿ ಬಿಳುಪು ಮೂಡಿತು. ಕಿಟಕಿಯ ಬೆಳಕು ಅದರ ಮೇಲೆ ಬಿದ್ದು ಚಾವಣಿಗೆ ಚಿಮ್ಮಿತು. ಎದೆಯಲ್ಲಿ ಸಣ್ಣ ಖುಷಿ ಎದ್ದಿತು. ಅವಳು ಬಂದು, ನೋಡಿ, ಅರೆ ಎಂದು ಬಾಯಿಯ ಮೇಲೆ ಕೈ ಇಟ್ಟುಕೊಳ್ಳುವುದನ್ನು ಕಂಡ. ಆಮೇಲೆ ತಾನು ಏನು ಹೇಳುವೆನೆಂಬುದು ಮಾತ್ರ ಕಾಣಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಮೋಡ ಕಟ್ಟಿತು. ಮುಂಗಾರಿಗೆ ಮುಂಚಿನ ಮಳೆ, ಹೇಳಿ ಕೇಳಿ ಬರುವಂಥದ್ದಲ್ಲ. ನಾಲ್ಕು ಹನಿ ಬೀಳುತ್ತಲೇ ಕರೆಂಟ್ ಹೋಯಿತು. ಕಟ್ಟೆಯ ಕಡೆಗೆ ತಿರುಗಿಸಿಟ್ಟಿದ್ದ ಫ್ಯಾನು ನಿಂತಿತು. ಸೋಮಶೇಖರ್ ಬಗ್ಗಿ, ಹಳೆಯ ದಿನಪತ್ರಿಕೆಯಿಂದ ಕಲ್ಲಿಗೆ ಗಾಳಿ ಬೀಸತೊಡಗಿದ.

"ಮೇಷ್ಟ್ರೇ, ಮುದ್ದೆ ಉಪ್ಸಾರು ಮಾಡಿದ್ದೆ," ಎನ್ನುತ್ತಾ ಪಕ್ಕದ ಮನೆಯ ಸುಂದ್ರಮ್ಮ ಸೆರಗು ತಲೆಗೆ ಹೊದ್ದು ಹಿಂಬಾಗಿಲಿನಿಂದ ಬಂದರು. ತಟ್ಟೆ ಕೈಯಲ್ಲೇ ನಿಂತಿತು. ಕಟ್ಟೆ ನೋಡಿದರು, ಇವನನ್ನು ನೋಡಿದರು, ಮತ್ತೆ ಕಟ್ಟೆ ನೋಡಿದರು.

"ಅಯ್ಯೋ ಶಿವ್ನೇ. ಗದ್ದಿಗೆಗೆ ಸುಣ್ಣ ಒಡ್ದಂಗದಲ್ಲ!"

ಅಂದದ್ದು ಅಂದಾಗಿತ್ತು. ಅವರಿಗೂ ಗೊತ್ತಾಯಿತು. "ಚೆಂದಾಗದೆ ಬುಡಿ, ಬೆಳ್ಗಾಗದೆ," ಎಂದು ತಟ್ಟೆಯನ್ನು ಫ್ರಿಜ್ಜಿನ ಮೇಲಿಟ್ಟು, "ನೀಲಮ್ಮ ಇವತ್ತಾ ಬರಾದು?" ಎಂದರು.

"ಸಂಜೆಗೆ."

"ಬರ್ಲಿ ಬುಡಿ, ಬರ್ಲಿ," ಎಂದು ಹೊರಟೇ ಹೋದರು.

ಸೋಮಶೇಖರ್‌ಗೆ ಈಗ ಬೇರೇನೂ ಕಾಣಲಿಲ್ಲ. ಸರಗೂರಿನ ಹೊಲದಲ್ಲಿ, ಬದುವಿನ ಹೊಂಗೆಯ ಪಕ್ಕ, ಮಾವನನ್ನು ಕೂರಿಸಿ ಮಣ್ಣು ಮಾಡಿದ ಜಾಗದಲ್ಲಿ ಭಾವಮೈದ ಚೇತನ್‌ಕುಮಾರ್ ಇಟ್ಟಿಗೆ ಕಟ್ಟಿಸಿದ್ದ ಗದ್ದಿಗೆ ಇದೇ ಎತ್ತರ, ಇದೇ ಅಗಲ. ಸುಣ್ಣ ಬಳಿದ ದಿನ ನೀಲಾಂಬಿಕೆ ಅದರ ಮೇಲೆ ಅಂಗೈ ಇಟ್ಟು ಕೂತಿದ್ದಳು. ಇವನು ದೂರದಲ್ಲಿ ನಿಂತು ಬಸ್ಸಿನ ಸಮಯ ನೋಡುತ್ತಿದ್ದ. ಆ ಗದ್ದಿಗೆಯ ಮುಂದಿನಿಂದ ಎದ್ದು ಬರುವವಳಿಗೆ ಇವನು ಮನೆಯೊಳಗೇ ಇನ್ನೊಂದು ಕಟ್ಟಿ ಇಟ್ಟಿದ್ದ. ದಿನಾ ಬೆಳಗ್ಗೆ ಎದ್ದು ಇದರ ಮೇಲೆ ಹಾಲು ಕಾಯಿಸು ಎಂದು.

ಗೆರೆ ಎಳೆದರೆ ಸರಿಹೋದೀತು. ಅಮೃತಶಿಲೆಗೆ ಗೆರೆಗಳಿರುತ್ತವೆ, ಗದ್ದಿಗೆಗೆ ಇರುವುದಿಲ್ಲ. ಅವನು ಪೊರಕೆಯಿಂದ ಕಡ್ಡಿ ಕಿತ್ತು ಬೂದು ಬಣ್ಣದಲ್ಲಿ ಅದ್ದಿ ಎಳೆದ. ದಪ್ಪಗಾಯಿತು. ಕಡ್ಡಿ ಬಿಸಾಡಿ ಬೆರಳನ್ನೇ ಅದ್ದಿದ. ನದಿ ಹರಿದಂತೆ ಸೊಟ್ಟ ಸೊಟ್ಟಗೆ ಎಳೆಯಿರಿ ಎಂದಿದ್ದಳು ವಿಡಿಯೋದ ಹುಡುಗಿ. ಆದರೆ ಕೈ ತನಗೆ ಗೊತ್ತಿದ್ದುದನ್ನೇ ಮಾಡಿತು. ಬುದ್ಧಿ ಬಂದಾಗಿನಿಂದ ದಿನಾ ಬೆಳಗ್ಗೆ ಹಣೆಯ ಮೇಲೆ ಓಡಿದ ಮೂರು ಬೆರಳು ಬಿಳಿಯ ಮೇಲೆ ಒಟ್ಟಿಗೆ ಓಡಿದವು. ನೋಡಿದರೆ ಕಟ್ಟೆಯ ನಟ್ಟನಡುವೆ ಬೂದು ಬಣ್ಣದ ಮೂರು ಅಡ್ಡ ಪಟ್ಟೆ. ವಿಭೂತಿ.

ಗದ್ದಿಗೆಗೆ ಇನ್ನು ಬಾಕಿ ಇದ್ದುದು ಬಿಲ್ವಪತ್ರೆ ಮಾತ್ರ. ಸೋಮಶೇಖರ್‌ಗೆ ನಗು ಬಂತು. ಬಟ್ಟೆ ತಂದು ಒರೆಸಿದ. ಬೂದು ಹರಡಿತು, ಕೆಳಗಿನ ಹಸಿ ಬಿಳಿಯೂ ಎದ್ದುಬಂತು. ಕಟ್ಟೆಯ ಅರ್ಧ ಭಾಗ ಹುಣ್ಣಿನ ಹಾಗೆ ಕಾಣತೊಡಗಿತು. ಇನ್ನು ಎರಡನೇ ಕೋಟು ಬಳಿಯದೆ ಬೇರೆ ದಾರಿ ಇರಲಿಲ್ಲ. ಬಳಿದರೆ ಸಂಜೆಗೆ ಒಣಗುವುದಿಲ್ಲ. ಬಳಿಯದಿದ್ದರೆ ಇದನ್ನು ಅವಳಿಗೆ ತೋರಿಸುವುದು ಹೇಗೆ?

ರೋಲರ್ ಡಬ್ಬಿಯಲ್ಲಿ ಅದ್ದಿದಾಗ ಫೋನ್ ಬಂತು.

"ಬಸ್ಸು ಕೋಟೆ ಬಿಡ್ತು," ಎಂದಳು ನೀಲಾಂಬಿಕೆ. ಬಸ್ಸಿನ ಸದ್ದಿನ ನಡುವೆ ದನಿ ಬಂದು ಹೋಗುತ್ತಿತ್ತು. "ಏನ್ ಮಾಡ್ತಿದೀರಿ?"

"ಏನಿಲ್ಲ. ಅಡುಗೆಮನೇಲಿ ಸಣ್ಣ ಕೆಲಸ."

"ಅಡುಗೆಮನೇಲಾ? ನೀವಾ?"

ಹೇಳಬಾರದು, ಬಂದ ಮೇಲೆ ನೋಡಲಿ ಎಂದುಕೊಂಡಿದ್ದ. ಬಾಯಿ ತಡೆಯಲಿಲ್ಲ. "ನೀನು ಅಂದಿದ್ಯಲ್ಲ, ಕಲ್ಲಿನ ಮುಂದೆ ನಿಂತು ಸಾಕಾಯ್ತು ಅಂತ. ಅದಕ್ಕೆ ಬಿಳಿ ಬಣ್ಣ ಬಳೀತಿದೀನಿ. ಪೂರ್ತಿ ಹೊಸದಾಗುತ್ತೆ."

ಆ ಕಡೆ ಬಸ್ಸು ಹಾರ್ನ್ ಹೊಡೆಯಿತು.

"ಯಾವ ಕಲ್ಲು ಅಂದ್ಕೊಂಡ್ರಿ ನೀವು?"

"ಇದೇ. ಕಡಪದ್ದು."

"ಕನ್ನಡ ಮೇಷ್ಟ್ರು ಕಣ್ರೀ ನೀವು," ಎಂದಳು. ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ. ಆಮೇಲೆ ಮೆಲ್ಲಗೆ, "ಬಣ್ಣ ಗಿಣ್ಣ ಏನೂ ಬೇಡ. ನಾನ್ ಬರೋ ಹೊತ್ಗೆ ಬಾಗ್ಲಲ್ಲಿ ನಿಂತಿರಿ. ಸುಮ್ನೆ ನಿಂತಿರಿ, ಸಾಕು. ಅಷ್ಟಾದ್ರೂ ಆಯ್ತದಾ?" ಎಂದಳು.

"ಹೂಂ."

ಫೋನ್ ಇಟ್ಟ ಮೇಲೆ ಹೊಳೆಯಿತು. ಕಲ್ಲಿನಂತೆ ಎಂದರೆ ಉಪಮೆ, ಕಲ್ಲು ಎಂದೇ ಕರೆದರೆ ರೂಪಕ. ವರ್ಷ ವರ್ಷವೂ ಬೋರ್ಡಿನ ಮೇಲೆ ಬರೆದು, ಹಿಂದಿನ ಬೆಂಚಿನವರನ್ನು ಎಬ್ಬಿಸಿ ಕೇಳುವ ಪಾಠ. ಮುಖ ಬಿಸಿಯಾಯಿತು. ಹೆಂಡತಿ ಬೆನ್ನು ಹಾಕಿ ನಿಂತು ತನ್ನನ್ನೇ ಕಲ್ಲೆಂದದ್ದು ಕಾಲೇಜಿನ ಹುಡುಗರಿಗೆ ಅರ್ಥವಾಗುತ್ತಿತ್ತು. ಅವನಿಗೆ ಒಮ್ಮೆಲೇ ಆ ಕಟ್ಟೆಯನ್ನು ಒಡೆದುಹಾಕಬೇಕೆನ್ನಿಸಿತು. ಒಡೆಯಲಿಲ್ಲ. ಡಬ್ಬಿಯಲ್ಲಿ ಅದ್ದಿಟ್ಟ ರೋಲರ್ ಒಣಗಿಹೋಗುತ್ತದೆಂದು ಎರಡನೇ ಕೋಟನ್ನು ಬಳಿದ. ಮೂಲೆ ಮೂಲೆಗೂ, ಒಂದು ಗುಳ್ಳೆ ಏಳದ ಹಾಗೆ ಬಳಿದ.

ಸಂಜೆಗೆ ಮಳೆ ನಿಂತು ಕರೆಂಟ್ ಬಂತು. ಸೋಮಶೇಖರ್ ಸ್ನಾನ ಮಾಡಿ ಒಗೆದ ಅಂಗಿ ಹಾಕಿಕೊಂಡ. ಉಗುರಿನ ಬಿಳಿ ಹೋಗಲಿಲ್ಲ. ಬಣ್ಣದ ವಾಸನೆ ಹೋಗಲೆಂದು ಕಿಟಕಿಗಳನ್ನೆಲ್ಲ ತೆರೆದ, ಮನೆಯ ಅಷ್ಟೂ ದೀಪ ಹಾಕಿದ. ಬಾಗಿಲಿಗೆ ಬಂದು ನಿಂತ. ನಿಲ್ಲುವುದು ಕಷ್ಟವೇನಲ್ಲ ಅನ್ನಿಸಿತು. ಕೈಗಳನ್ನು ಎಲ್ಲಿಡಬೇಕೆಂಬುದೊಂದು ತಿಳಿಯಲಿಲ್ಲ. ಕಟ್ಟಿಕೊಂಡ, ಬಿಟ್ಟ, ಜೇಬಿನಲ್ಲಿಟ್ಟ. ಆಟೋ ಹತ್ತಿದೀನಿ ಎಂದು ಮೆಸೇಜ್ ಬಂತು. ಬಾ ಎಂದು ಬರೆದು ಕಳಿಸಿದ. ಅವಳು ಗೇಟು ತೆಗೆದಾಗ ನೀಲಾ ಎನ್ನಬೇಕು. ಅಪ್ಪನ ವಿಷಯ ಕೇಳಬೇಕು. ಇವತ್ತು ಕೇಳಿಯೇ ಕೇಳುತ್ತೇನೆ ಎಂದುಕೊಂಡ, ಕಣ್ಣು ಒದ್ದೆಯಾಯಿತು.

"ಮೇಷ್ಟ್ರೇ! ದೀಪ ಆರ್ಸಿ, ಈಸ್ಲು ಉಳ ಎದ್ದವೆ!"

ಸುಂದ್ರಮ್ಮನ ಕೂಗಿನ ಹಿಂದೆಯೇ ಅವರ ಮನೆ ಕತ್ತಲಾಯಿತು. ಮಳೆ ನಿಂತ ಸಂಜೆ ನೆಲದಿಂದೇಳುವ ರೆಕ್ಕೆಯ ಗೆದ್ದಲು ಬೆಳಕಿದ್ದ ಕಡೆ ನುಗ್ಗುತ್ತದೆಂದು ಬೀದಿಯವರೆಲ್ಲ ಒಬ್ಬೊಬ್ಬರಾಗಿ ದೀಪ ಆರಿಸಿದರು. ಉರಿಯುತ್ತಿದ್ದುದು ಇವನ ಮನೆ ಒಂದೇ. ಹುಳುಗಳು ಅವನ ಕಿವಿ, ಕತ್ತು, ಕೂದಲು ಸವರಿಕೊಂಡು ಒಳಗೆ ಹೋದವು. ಅವನು ಒಂದು ಗಳಿಗೆ ನಿಂತೇ ಇದ್ದ. ಆಮೇಲೆ ಓಡಿದ.

ಅಡುಗೆಮನೆಯ ಟ್ಯೂಬ್‌ಲೈಟಿಗೆ ಬಡಿದು ಬಡಿದು ಅವು ಕಟ್ಟೆಯ ಮೇಲೆ ಉದುರುತ್ತಿದ್ದವು. ಬಿದ್ದಲ್ಲೇ ಅಂಟಿಕೊಂಡು ರೆಕ್ಕೆ ಬಡಿಯುತ್ತಿದ್ದವು. ಒಂದನ್ನು ಉಗುರಿನಿಂದ ಎತ್ತಿದ. ರೆಕ್ಕೆ ಬಣ್ಣದಲ್ಲೇ ಉಳಿಯಿತು, ಬಿಳಿಯ ನಡುವೆ ಕಪ್ಪು ಗೀರು ಕಂಡಿತು. ಇನ್ನೊಂದನ್ನು ಎತ್ತಿದ. ಇನ್ನೊಂದು ಗೀರು. ಅಷ್ಟರಲ್ಲಿ ಹತ್ತಾರು ಬಿದ್ದವು. ಸೋಮಶೇಖರ್ ಗೋಡೆಗೆ ಹಾರಿ ಮೇನ್ ಸ್ವಿಚ್ ಕೆಳಗಿಳಿಸಿದ. ಮನೆ ಪೂರಾ ಕತ್ತಲಾಯಿತು.

ಗೇಟಿನ ಹತ್ತಿರ ಆಟೋ ಬಂದು ನಿಂತಿತು. ಎಂಜಿನ್ ಆರಲಿಲ್ಲ.

"ಇದೇನಾ ಅಕ್ಕ? ಒಳಗ್ಯಾರೂ ಇದ್ದಂಗಿಲ್ಲ," ಎಂದ ಡ್ರೈವರ್.

ನೀಲಾಂಬಿಕೆ ಏನು ಹೇಳಿದಳೋ ಕೇಳಿಸಲಿಲ್ಲ. ಇದ್ದೀನಿ ಎನ್ನಬೇಕು. ಅವನು ಬಾಯಿ ತೆರೆದ. ಹುಳುವೊಂದು ತುಟಿಗೆ ಬಡಿಯಿತು, ಬಾಯಿ ಮುಚ್ಚಿದ. ಇದೊಂದನ್ನು ತೆಗೆದು ಹೋಗುತ್ತೇನೆ ಎಂದು ಬಗ್ಗಿದ. ಅದರ ಪಕ್ಕದಲ್ಲೇ ಇನ್ನೊಂದಿತ್ತು. ಅವಳು ಒಳಗೆ ಬಂದ ಕೂಡಲೇ ನೋಡುವುದು ಇದನ್ನೇ ಅಲ್ಲವೇ?

"ಕಾಯ್ಲಾ ಅಕ್ಕ, ಓಗ್ಲಾ?"

ಆಟೋದ ಎಂಜಿನ್ ಒಂದೇ ಸಮ ಗುಡುಗುಡು ಎನ್ನುತ್ತಿತ್ತು. ಕತ್ತಲೆಯಲ್ಲಿ ಕಾಣುತ್ತಿದ್ದುದು ಕಟ್ಟೆ ಒಂದೇ. ಅದರ ಮೇಲೆ ಹುಳುಗಳು ರೆಕ್ಕೆ ಕಳಚಿಹಾಕಿ ನಡೆದುಹೋಗಲು ನೋಡುತ್ತಿದ್ದವು, ಕಾಲು ಬಣ್ಣದಿಂದ ಕಿತ್ತು ಬರುತ್ತಿರಲಿಲ್ಲ. ಸೋಮಶೇಖರ್ ಅವುಗಳ ನಡುವೆ ಬೆರಳ ತುದಿ ಇಟ್ಟು ನೋಡಿದ. ಬಣ್ಣ ಕೊನೆಗೂ ಒಣಗತೊಡಗಿತ್ತು.